ಹನ್ನೆರಡನೆಯ ಫಾರ್ಮು

ಶನಿವಾರ ಸಂಜೆ ಆರೂವರೆಗೆ.
ಟಿಕೇಟು ಕನ್ನಡಕದ ಡಬ್ಬಿಯಲ್ಲಿದೆ.
ಕೋಡಿಬಾಗದ ಗೋಡೆಗೆಲ್ಲ ಹಳದಿ ಪೋಸ್ಟರು:
ಕಾದಂಬರಿ ಈಗ ಹಾಡಾಗಿ ಬರುತ್ತದಂತೆ,
ಎರಡು ತಾಸು ನಲವತ್ತು ನಿಮಿಷ,
ನಡುವೆ ಚಹಾಕ್ಕೆ ಬಿಡುವು.

ನಾನು ಅದನ್ನು ನಾಲ್ಕು ಸಲ ಹೊಲಿದವನು.
ಓದಿದವನು ಎನ್ನಲಾರೆ.
ಬೈಂಡರನ ಓದೇ ಬೇರೆ:
ಫಾರ್ಮು ಬಿಚ್ಚಿ, ಹಳೇ ಅಂಟು ಕೆರೆದು,
ನೂಲಿಗೆ ಮೇಣ ತೀಡುತ್ತ
ಮೊದಲು ಕೊನೆಯ ಹದಿನಾರು ಪುಟ,
ಆಮೇಲೆ ಮದುವೆ, ಆಮೇಲೆ ಅವಳು ಹುಟ್ಟಿದ್ದು.
ರುಕ್ಮಾಯಿ ನನಗೆ ಮುದುಕಿಯಾಗಿಯೇ ಸಿಕ್ಕು
ಸೂಜಿ ಓಡಿದಷ್ಟೂ ಚಿಕ್ಕವಳಾದಳು.

ಹನ್ನೆರಡನೆಯ ಫಾರ್ಮು ಮಾತ್ರ ಇರಲಿಲ್ಲ.
ವಾಚನಾಲಯದ ಪ್ರತಿ, ಊರಿಗೆಲ್ಲ ಅದೊಂದೇ;
ಅಚ್ಚು ಹಾಕಿದವರ ಅಂಗಡಿಯಲ್ಲಿ ಈಗ
ಮೊಬೈಲ್ ಕವರು ಮಾರುತ್ತಾರೆ.
ನೂರಾ ಎಪ್ಪತ್ತಾರರ ಬುಡದಲ್ಲಿ
‘ದೋಣಿಯ ಹಗ್ಗ ಬಿಚ್ಚಿ ರುಕ್ಮಾಯಿ ಕೈಯಲ್ಲಿದ್ದ’
ನೂರಾ ತೊಂಬತ್ತಮೂರರ ತಲೆಯಲ್ಲಿ
‘ಎಂದು ಮೂರನೆಯ ದಿನ ಅಂಬಿಗರು ಹೇಳಿದರು.’
ಕೈಯಲ್ಲಿದ್ದ ಏನು?
ಅಂಬಿಗರು ಏನೆಂದರು?

ಬಿಟ್ಟ ಜಾಗಕ್ಕೆ ಹದಿನಾರು ಖಾಲಿ ಪುಟ ಸೇರಿಸಿ ಹೊಲಿದೆ,
ಪುಸ್ತಕದ ಬೆನ್ನು ಸೊಟ್ಟಗಾಗಬಾರದೆಂದು, ಅಷ್ಟೇ.
ಮುಂದಿನ ಸಲ ರಿಪೇರಿಗೆ ಬಂದಾಗ
ಅದರ ಮೇಲೆ ಪೆನ್ಸಿಲಿನಲ್ಲಿ ಬಂಗಡೆಯ ಲೆಕ್ಕ,
ಒಂದು ಫೋನ್ ನಂಬರು,
ಯಾರೋ ಹುಡುಗಿಯ ದುಂಡು ಅಕ್ಷರ:
ಮುಂದೇನಾಯ್ತು ಮಾರಾಯ್ರೇ?
ಲೆಕ್ಕ ಅಳಿಸಿದೆ. ಅದನ್ನು ಬಿಟ್ಟೆ.

ಗಣಪತಿ ಕಳೆದ ವಾರ ನೂತನ ಬಂದಳು,
ಪೆಡ್ನೇಕರರ ಮೊಮ್ಮಗಳು, ನಾಟಕ ಆಡಿಸುವವಳು,
ಹೆಲ್ಮೆಟ್ಟು ತೆಗೆಯದೆಯೇ ಕೇಳಿದಳು:
ಪುಂಡಲೀಕ ಮಾಮ, ಆ ಪುಟಗಳು ನಿಮ್ಮ ಹತ್ತಿರ ಇವೆಯಾ?
ಇಲ್ಲ ಅನ್ನಬೇಕಿತ್ತು.
ಪುಟ ಇಲ್ಲ, ಕಥೆ ಗೊತ್ತು, ಅಂದೆ.
ಮೈದಾ ಕುದಿಯುತ್ತಿತ್ತು,
ಮೈಲುತುತ್ತ ಹಾಕಿ ತಿರುವುತ್ತ ಹೇಳಿಯೇಬಿಟ್ಟೆ:
ಕೈಯಲ್ಲಿದ್ದ, ಸುಂಕದ ಪೆಟ್ಟಿಗೆಯ ಕೀಲಿಕೈಯನ್ನು ಅವಳು
ಕಾಳಿ ಹೊಳೆಯ ಬಾಯಲ್ಲಿ, ಉಬ್ಬರ ತಿರುಗುವ ಹೊತ್ತಿಗೆ...
ಮೂವತ್ತೊಂದು ವರ್ಷ ನನ್ನೊಳಗೆ ನಡೆದದ್ದು
ಅಚ್ಚಾದದ್ದರ ಹಾಗೆಯೇ ಬಾಯಿಂದ ಬಂತು.
ಅವಳು ಫೋನಿನಲ್ಲಿ ಬರೆದುಕೊಂಡಳು.

ಈಗ ಅದು ಹಾಡು.
ರಾತ್ರಿ ಶಾಲೆಯ ಕಿಟಕಿಯಿಂದ ಕೇಳುತ್ತದೆ,
ಮೊದಲು ಬಸ್ತ್ಯಾಂವ್ ಮಾಸ್ತರರ ಪಿಟೀಲು,
ಆಮೇಲೆ ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಚೀಟಿ ಬರೆಯುವ ರೇಷ್ಮಾ ದುರ್ಗೇಕರಳ ಗಂಟಲು.
‘ಕೀಲಿಕೈ’ ಎಂಬಲ್ಲಿ ಸ್ವರ ಏರಿ
ನೀರಿಗೆ ಬೀಳುವ ಮುನ್ನ ತಡೆಯುತ್ತದೆ.
ಪ್ರತಿ ಸಲ ಅಲ್ಲೇ ನಿಲ್ಲಿಸಿ, ಮತ್ತೆ ಮೊದಲಿಂದ.
ಬೀಳುವುದನ್ನು ನಾನಿನ್ನೂ ಕೇಳಿಲ್ಲ.

ನಿನ್ನೆ ನೂತನ ಖುಷಿಯಲ್ಲಿ ಬಂದು ಹೇಳಿದಳು:
ಶಿರಸಿಯಿಂದ ಒಬ್ಬ ಟೀಚರಮ್ಮ ಫೋನ್ ಮಾಡಿದ್ದರು,
ವಯಸ್ಸು ಎಂಬತ್ತೆರಡು, ಮುಂದಿನ ಸಾಲೇ ಬೇಕಂತೆ,
ಹುಡುಗಿಯಾಗಿದ್ದಾಗ ಪೂರ್ತಿ ಓದಿದ್ದರಂತೆ.

ಪೂರ್ತಿ.

ದೇವಿಮನೆ ಘಾಟಿಯಲ್ಲಿ ಬಸ್ಸು ಕೆಟ್ಟುನಿಲ್ಲಲಿ ಎಂದು
ಒಂದು ಗಳಿಗೆ ಬಯಸಿದೆ. ತಪ್ಪು.
ನನ್ನ ಟಿಕೇಟು ಬದಲಿಸಿಕೊಡು ಅಂದೆ,
ಅವರ ಪಕ್ಕದ್ದು.
ಕೀಲಿಕೈ ಮೇಲೇರುವಾಗ ನಾನು ರಂಗ ನೋಡುವುದಿಲ್ಲ,
ಅವರ ಮುಖ ನೋಡುತ್ತೇನೆ.
ಹುಬ್ಬು ಗಂಟಾದರೆ ಅಲ್ಲೇ ಕಿವಿಯಲ್ಲಿ ಕೇಳುತ್ತೇನೆ,
ಆಗದಿದ್ದರೆ ಏನು ಮಾಡುವುದೋ ತಿಳಿಯದು.

ಅಂಗಿಗೆ ಇಸ್ತ್ರಿ ಆಯಿತು.
ಉಗುರಿನ ಸಂದಿಯ ನೀಲಿ
ಎಷ್ಟು ತೊಳೆದರೂ ಹೋಗುತ್ತಿಲ್ಲ.
ಇವತ್ತಿನ್ನೂ ಗುರುವಾರ.